ಹಂಡೆಯ ಮೊಳೆ

ನಾನು ಚಿಕ್ಕವಳಿದ್ದಾಗ ನಮ್ಮ ಬಚ್ಚಲುಮನೆಯ ತಾಮ್ರದ ಹಂಡೆ ಸೋರತೊಡಗಿತು. ಅದರ ಹಿಡಿ ಕಳಚಿದ್ದಾಗ ರಿಪೇರಿ ಮಾಡಿದವನು ಕಬ್ಬಿಣದ ಮೊಳೆ ಬಡಿದು ಕೂರಿಸಿದ್ದ. ಎರಡು ವರ್ಷ ಕಳೆಯುವಷ್ಟರಲ್ಲಿ ಮೊಳೆ ಪುಡಿಯಾಗಿ ಉದುರಿ, ತುಂಬಿದ ಹಂಡೆಯ ನೀರು ಆ ತೂತಿನಿಂದ ಒಲೆಯ ಬೂದಿಗೆ ಇಳಿಯುತ್ತಿತ್ತು. ಅಜ್ಜಿ ತೀರ್ಪು ಕೊಟ್ಟೇಬಿಟ್ಟರು: "ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ ತೂತು ಮಾಡಿದಳು." ಅಮ್ಮ ಎದುರಾಡಲಿಲ್ಲ. ಆಮೇಲೆ ನೆಂಟರು ಬಂದಾಗಲೆಲ್ಲ ಆ ಮಾತು ಕಾಫಿಯ ಜೊತೆಗೇ ಹೊರಬರುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ, ಇತಿಹಾಸದ ಪಾಠಕ್ಕೆಂದು ಯುರೋಪಿನ ನೌಕಾಯಾನದ ಬಗ್ಗೆ ಓದುತ್ತಿದ್ದಾಗ, ನಮ್ಮ ಹಂಡೆಯ ಕಥೆಯೇ ಒಂದು ಹಡಗಿನ ಕಥೆಯಾಗಿ ಎದುರಾಯಿತು.

ಆ ಕಾಲದ ಹಡಗುಗಳು ಮರದವು. ಕಡಲಹುಳು ಮರವನ್ನು ಕೊರೆಯುತ್ತಿತ್ತು. ಪಾಚಿ, ಚಿಪ್ಪುಜೀವಿಗಳು ತಳಕ್ಕೆ ಅಂಟಿ ವೇಗ ಕುಗ್ಗಿಸುತ್ತಿದ್ದವು. ಅದಕ್ಕೆಂದು ಬ್ರಿಟಿಷ್ ನೌಕಾಪಡೆ 1761ರಲ್ಲಿ 'ಅಲಾರಂ' ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್ ಕಡಲಿಗೆ ಕಳಿಸಿತು. 1763ರಲ್ಲಿ ಪರೀಕ್ಷಿಸಿ ನೋಡಿದರೆ ತಾಮ್ರ ಚೆನ್ನಾಗಿಯೇ ಇತ್ತು. ಆದರೆ ಅದಕ್ಕೆ ತಗುಲಿದ್ದ ಕಬ್ಬಿಣದ ಮೊಳೆಗಳು ತುಕ್ಕಿನ ಮುದ್ದೆಯಾಗಿದ್ದವು. ತಗಡಿಗೆ ಸುತ್ತಿ ತಂದಿದ್ದ ಕಂದು ಕಾಗದ ಅಲ್ಲಲ್ಲಿ ಮೊಳೆಗೂ ತಾಮ್ರಕ್ಕೂ ನಡುವೆ ಉಳಿದುಹೋಗಿತ್ತು. ಅಂಥ ಕಡೆ ಮಾತ್ರ ಮೊಳೆಗಳು ಗಟ್ಟಿಯಾಗಿದ್ದವು!

ಕಾರಣ ಇಷ್ಟೆ. ಎರಡು ಬೇರೆ ಲೋಹಗಳು ಒಂದಕ್ಕೊಂದು ತಗುಲಿ, ಉಪ್ಪುನೀರಿನಲ್ಲೋ ಗಡಸುನೀರಿನಲ್ಲೋ ನೆನೆದರೆ, ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಎರಡರಲ್ಲಿ ಬೇಗ ಕರಗುವ ಸ್ವಭಾವದ್ದು ಸವೆಯುತ್ತದೆ, ಅದು ಆನೋಡ್. ಇನ್ನೊಂದು ಉಳಿದುಕೊಳ್ಳುತ್ತದೆ, ಅದು ಕ್ಯಾಥೋಡ್. ಕಬ್ಬಿಣ ತಾಮ್ರಕ್ಕಿಂತ ಬೇಗ ಸೋಲುತ್ತದೆ, ಸತುವು ಕಬ್ಬಿಣಕ್ಕಿಂತ ಬೇಗ. ತಾಮ್ರದ ಹರವು ದೊಡ್ಡದಾಗಿ ಕಬ್ಬಿಣ ಚಿಕ್ಕದಾದಷ್ಟೂ ಹೊರೆಯೆಲ್ಲ ಆ ಚಿಕ್ಕದರ ಮೇಲೇ ಬೀಳುತ್ತದೆ. ನಮ್ಮ ಹಂಡೆ ದೊಡ್ಡದು, ಮೊಳೆ ಬೆರಳಿನ ತುದಿಯಷ್ಟು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ಕಡಲುನೀರಿನಲ್ಲಿ ತಾಮ್ರವೂ ನಿಧಾನವಾಗಿ ಕರಗುತ್ತಿತ್ತು. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದರೆ ಅವೇ ಸವೆದು ತಾಮ್ರ ಉಳಿಯುವುದೆಂದು ತೋರಿಸಿದ. ಹಾಗೆಯೇ ಆಯಿತು. ಆದರೆ ಉಳಿದ ತಾಮ್ರದ ಮೇಲೆ ಪಾಚಿ, ಚಿಪ್ಪುಗಳು ಮತ್ತೆ ಬೆಳೆದವು. ತಾಮ್ರ ಚೂರುಚೂರೇ ಕರಗಿ ವಿಷವಾಗುತ್ತಿದ್ದುದರಿಂದಲೇ ಅವು ದೂರವಿದ್ದದ್ದು! ಕೆಲವೇ ವರ್ಷಗಳಲ್ಲಿ ನೌಕಾಪಡೆ ಆ ಉಪಾಯವನ್ನು ಕೈಬಿಟ್ಟಿತು.

ಡೇವಿಯ ತತ್ವ ಮಾತ್ರ ಸೋಲಲಿಲ್ಲ. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ಮನೆಯ ಜಿ.ಐ. ಬಕೆಟ್ಟಿನ ಮೂಲ ಅದು. ಅದಕ್ಕೆ ಗೀರು ಬಿದ್ದರೂ ಸುತ್ತಲಿನ ಸತುವು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಇಂದಿನ ಉಕ್ಕಿನ ಹಡಗುಗಳಿಗೂ ಸತುವಿನ ಗಟ್ಟಿಗಳನ್ನು ಕಟ್ಟುತ್ತಾರೆ. ಅವುಗಳ ಇಂಗ್ಲಿಷ್ ಹೆಸರಿನ ಅರ್ಥ 'ಬಲಿಯಾಗುವ ಆನೋಡ್' ಎಂದು. ಎಂಜಿನಿಯರು ಅವು ಸವೆದದ್ದನ್ನು ಲೆಕ್ಕವಿಟ್ಟು, ಕಾಲಕಾಲಕ್ಕೆ ಹೊಸದು ಹಾಕಿಸುತ್ತಾನೆ. ಏಕೆ ಸವೆದೆ ಎಂದು ಯಾರೂ ಅವನ್ನು ಬಯ್ಯುವುದಿಲ್ಲ.

ನಮ್ಮ ಹೆಂಗಸರು ಕಬ್ಬಿಣದ್ದಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳದ್ದಕ್ಕೆ ಕಿಲುಬು ಎಂದು ಬೇರೆಬೇರೆ ಹೆಸರಿಟ್ಟು ಬಲ್ಲವರು. ಆದರೆ ಇವೆರಡು ಲೋಹ ಒಂದೆಡೆ ಸೇರಿದರೆ ಏನಾಗುವುದೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಹುಣಸೆಹುಳಿ ತೆಗೆಯುವುದು ಮೇಲಿನ ಕಪ್ಪನ್ನು. ಅಷ್ಟು ದಪ್ಪದ ತಾಮ್ರಕ್ಕೆ ಅದು ತೂತು ಕೊರೆಯಲಾರದು. ತೂತು ಮೊದಲೇ ಇತ್ತು, ಮೊಳೆಗಾಗಿ ಕೊರೆದದ್ದು.

ಹೋದ ಬೇಸಿಗೆಯಲ್ಲಿ ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು.

"ಹಾಗಾದ್ರೆ ನಾನು ಉಜ್ಜಿದ್ದರಿಂದ ಅಲ್ಲ?"

"ಅಲ್ಲಮ್ಮ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತೆ ಇದ್ದಿದ್ರೆ ಅವರಿಗೊಂದ್ಸಲ ಹೇಳಬಹುದಿತ್ತು" ಎಂದಳು. ಮತ್ತೆ ಸೊಪ್ಪು ಬಿಡಿಸತೊಡಗಿದಳು.