ಪ್ರೋಟಾನ್ ಯಾರ ಪಾಲು? ಪಿರಿಡೀನ್ ಲವಣಗಳ ಹರಳು ಮತ್ತು ಬೆಂಗಳೂರಿನ ನಂಟು

ಪಿರಿಡೀನ್ ಲೋಕಕ್ಕೆ ಪರಿಚಯವಾದದ್ದು ದುರ್ವಾಸನೆಯ ಮೂಲಕ. 19ನೆಯ ಶತಮಾನದ ನಡುಹೊತ್ತಿನಲ್ಲಿ ಸ್ಕಾಟ್ಲೆಂಡಿನ ಥಾಮಸ್ ಆ್ಯಂಡರ್ಸನ್ ಮೂಳೆಯೆಣ್ಣೆಯಿಂದ ಅದನ್ನು ಬೇರ್ಪಡಿಸಿದ. ಬೆಂಜೀನಿನಂಥದೇ ಆರು ಪರಮಾಣುಗಳ ಉಂಗುರ; ಒಂದು ಇಂಗಾಲದ ಜಾಗದಲ್ಲಿ ಸಾರಜನಕ. ಆಮ್ಲದ ಜೊತೆ ಹರಳುಗಟ್ಟುವಾಗ ಈ ಸಾರಜನಕ ಆಮ್ಲದ ಪ್ರೋಟಾನನ್ನು ಸೆಳೆದುಕೊಂಡರೆ ಪಿರಿಡಿನಿಯಂ ಲವಣ. ಸೆಳೆದುಕೊಳ್ಳದೆ ಬರೀ ಕೈಹಿಡಿದು ನಿಂತರೆ ಸಹಸ್ಫಟಿಕ. ಎರಡರಲ್ಲೂ ಕೈ ಹಿಡಿದಿರುವುದು ಹೈಡ್ರೊಜನ್ ಬಂಧವೇ. ಸಕ್ಕರೆಯ ಹರಳು ನಿಂತಿರುವುದೂ ಈ ಬಂಧದ ಮೇಲೆಯೇ. ಆದರೆ ಸಕ್ಕರೆಯಲ್ಲಿ ವಿದ್ಯುದಂಶದ ಸೆಳೆತವಿಲ್ಲ. ಲವಣದಲ್ಲಿ ಅದೂ ಸೇರಿ ಬಂಧ ಬಿಗಿಯಾಗುತ್ತದೆ.

ತೊಡಕಿರುವುದು ಹರಳಿನಲ್ಲಿ ಪ್ರೋಟಾನ್ ಯಾರ ಬಳಿಯಿದೆ ಎಂದು ಕಾಣುವುದರಲ್ಲಿ. ಹರಳಿನ ರಚನೆ ಅಳೆಯುವ ಎಕ್ಸ್-ಕಿರಣ ಕಾಣುವುದು ಎಲೆಕ್ಟ್ರಾನುಗಳನ್ನು. ಹೈಡ್ರೊಜನ್ನಿಗಿರುವುದು ಒಂದೇ ಎಲೆಕ್ಟ್ರಾನು, ಅದೂ ನೆರೆಯ ಪರಮಾಣುವಿನತ್ತ ವಾಲಿರುತ್ತದೆ. ಹಾಗಾಗಿ ನ್ಯೂಟ್ರಾನ್ ಅಳತೆಯಲ್ಲಿ ಸುಮಾರು 1.03 ಆಂಗ್‌ಸ್ಟ್ರಾಂ ಇರುವ ಎನ್–ಎಚ್ ಉದ್ದ ಎಕ್ಸ್-ಕಿರಣದಲ್ಲಿ 0.87ರ ಆಸುಪಾಸಿಗೆ ಕುಗ್ಗುತ್ತದೆ. ಪ್ರೋಟಾನನ್ನು ನೆಚ್ಚಲಾಗದೆ ಸ್ಫಟಿಕವಿಜ್ಞಾನಿಗಳು ನೆರೆಹೊರೆಯನ್ನು ವಿಚಾರಿಸುತ್ತಾರೆ. ಪಿರಿಡೀನಿನ ಸಾರಜನಕದ ಬಳಿಯ ಕೋನ ಸುಮಾರು 117 ಡಿಗ್ರಿ. ಪ್ರೋಟಾನ್ ಬಂದರೆ ಅದು 122ರ ಹತ್ತಿರಕ್ಕೆ ಅಗಲುತ್ತದೆ. ಅತ್ತ ಆಮ್ಲದಲ್ಲಿ 1.21 ಮತ್ತು 1.31 ಆಂಗ್‌ಸ್ಟ್ರಾಂ ಇದ್ದ ಎರಡು ಇಂಗಾಲ–ಆಮ್ಲಜನಕ ಬಂಧಗಳು, ಪ್ರೋಟಾನ್ ಹೋದಮೇಲೆ 1.25ರ ಸುತ್ತ ಸಮವಾಗುತ್ತವೆ. ನನ್ನ ಮಟ್ಟಿಗೆ ಇಡೀ ಶಾಸ್ತ್ರದಲ್ಲಿ ಇಷ್ಟು ಚಂದದ ಸಾಕ್ಷಿ ಇನ್ನೊಂದಿಲ್ಲ.

ನೆರೆಹೊರೆಯನ್ನು ಕೇಳದೆ ಪ್ರೋಟಾನನ್ನೇ ಕಾಣುವ ನ್ಯೂಟ್ರಾನ್ ದಾರಿ ಹಿಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡಿದ ಆರ್. ಚಿದಂಬರಂ ಒಬ್ಬರು. ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಅವರು ಅಮೈನೊ ಆಮ್ಲಗಳ ಹೈಡ್ರೊಜನ್‌ಗಳನ್ನು ನೇರವಾಗಿ ಗುರುತಿಸುವ ಕೆಲಸಕ್ಕೆ ಇಳಿದರು.

ಪಿರಿಡಿನಿಯಂ ಉಂಗುರದಲ್ಲಿ ಇನ್ನೊಂದು ಬಂಧವೂ ಅಡಗಿದೆ. ಧನ ವಿದ್ಯುದಂಶದಿಂದ ಉಂಗುರದ ಸಿ–ಎಚ್‌ಗಳೂ ಆಮ್ಲೀಯವಾಗಿ ಆಮ್ಲಜನಕದತ್ತ ಚಾಚುತ್ತವೆ. ಈ ಸಿ–ಎಚ್···ಒ ಬಂಧವನ್ನು 1962ರಲ್ಲಿ ಲಂಡನ್ನಿನ ಜೂನ್ ಸೂಟರ್ ಮಂಡಿಸಿದಾಗ ಕೇಳಿದವರು ಕಡಿಮೆ. 1968ರಲ್ಲಿ ಜೆರ್ರಿ ಡೊನೊಹ್ಯೂ ಅದನ್ನು ತಳ್ಳಿಹಾಕಿದರು. ಅದರ ನಡುವೆ 1966ರಲ್ಲಿ ಜಿ.ಎನ್. ರಾಮಚಂದ್ರನ್, ಶಶಿಶೇಖರನ್ ಮತ್ತು ರಾಮಕೃಷ್ಣನ್ ಪಾಲಿಗ್ಲೈಸಿನ್ ರಚನೆಯಲ್ಲಿ ಇದೇ ಬಂಧವನ್ನು ಸೂಚಿಸಿದ್ದರು. ಆ ಕೆಲಸ ಮದರಾಸಿನದು, ಆದರೆ ರಾಮಚಂದ್ರನ್ ಬೆಂಗಳೂರಿನಲ್ಲಿ ಸಿ.ವಿ. ರಾಮನ್ನರ ಬಳಿ ಪಳಗಿದವರು. 1970ರ ದಶಕದ ಆರಂಭದಲ್ಲಿ ಮರಳಿ ಅಲ್ಲಿಗೇ ಬಂದರು. ವ್ಯಾಜ್ಯ ಬಗೆಹರಿದದ್ದು 1982ರಲ್ಲಿ: ರಾಬಿನ್ ಟೇಲರ್ ಮತ್ತು ಓಲ್ಗಾ ಕೆನಾರ್ಡ್ 113 ನ್ಯೂಟ್ರಾನ್ ರಚನೆಗಳನ್ನು ಜಾಲಾಡಿ ಸೂಟರ್ ಪರ ತೀರ್ಪಿತ್ತರು.

ಮುಂದೆ ಗೌತಮ್ ದೇಸಿರಾಜು ಇಂಥ ದುರ್ಬಲ ಬಂಧಗಳನ್ನು ಹರಳು ಕಟ್ಟುವ ಇಟ್ಟಿಗೆಗಳಂತೆ ಎಣಿಸಿದರು. 1995ರಲ್ಲಿ, ಹೈದರಾಬಾದಿನಲ್ಲಿದ್ದಾಗ, ಅವರು ಮುಂದಿಟ್ಟ ‘ಸಿಂಥಾನ್’ (ಹರಳುಗಳಲ್ಲಿ ಮತ್ತೆಮತ್ತೆ ಕಾಣುವ ಬಂಧಗಳ ಜೋಡಣೆ) ಕಲ್ಪನೆಗೆ ಆಮ್ಲ–ಪಿರಿಡೀನ್ ಜೋಡಿ ಒಳ್ಳೆಯ ಮಾದರಿ: ಒಂದು ಬದಿಗೆ ಒ–ಎಚ್···ಎನ್, ಪಕ್ಕದಲ್ಲೇ ಸಿ–ಎಚ್···ಒ, ಎರಡೂ ಸೇರಿ ಏಳು ಪರಮಾಣುಗಳ ಬಳೆ. ಅಮೆರಿಕದ ಮಾರ್ಗರೆಟ್ ಎಟ್ಟರ್ 1990ರಲ್ಲಿ ಬೆಳೆಸಿದ, ಹೈಡ್ರೊಜನ್ ಬಂಧಗಳ ವಿನ್ಯಾಸ ಬರೆಯುವ ಸಂಕೇತಲಿಪಿಯಲ್ಲಿ ಇದನ್ನು ಎರಡಕ್ಷರದಷ್ಟು ಚಿಕ್ಕದಾಗಿ ಬರೆಯಬಹುದು. 2-ಅಮೈನೊಪಿರಿಡೀನಿನ ಲವಣಗಳಲ್ಲಿ ಬಳೆಗೆ ಎಂಟು ಪರಮಾಣು. ಉಂಗುರದ ಎನ್–ಎಚ್ ಮತ್ತು ಅಮೈನೊ ಎನ್–ಎಚ್ ಎರಡೂ ಕೂಡಿ ಕಾರ್ಬಾಕ್ಸಿಲೇಟನ್ನು ಇಕ್ಕುಳದಂತೆ ಹಿಡಿಯುತ್ತವೆ.

ದೇಸಿರಾಜು 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹೈಡ್ರೊಜನ್ ಬಂಧವೆಂದರೇನು ಎಂದು ಜಗತ್ತಿಗೇ ಹೊಸದಾಗಿ ಹೇಳುವ ಅಂತರರಾಷ್ಟ್ರೀಯ ರಸಾಯನ ಒಕ್ಕೂಟದ ತಂಡದಲ್ಲಿ ಅವರಿದ್ದರು. ಆ ತಂಡದ ಮುಂದಾಳು ಬೆಂಗಳೂರಿನ ಅದೇ ಸಂಸ್ಥೆಯ ಇ. ಅರುಣನ್. 14 ಮಂದಿಯ ಆ ಶಿಫಾರಸು 2011ರಲ್ಲಿ ಪ್ರಕಟವಾಯಿತು. ಬಂಧವು 110 ಡಿಗ್ರಿಗಿಂತ ಹೆಚ್ಚಿನ ಕೋನದಲ್ಲಿದ್ದರೆ ಒಳಿತು ಎಂದ ಅದು, ದಾನಿಯಾಗಲು ಇಂಗಾಲಕ್ಕೂ ಅರ್ಹತೆ ಕೊಟ್ಟಿತು. ಸೂಟರ್ ತೀರಿಕೊಂಡು ಆಗಲೇ ಎರಡು ದಶಕ ಕಳೆದಿತ್ತು.

ಮೈಸೂರಿನ ಮಾನಸಗಂಗೋತ್ರಿಯ ದಾರಿ ಬೇರೆ. ಎಚ್.ಎಸ್. ಯತಿರಾಜನ್ ಮತ್ತು ಸಂಗಡಿಗರು ಹೊರದೇಶದ ಪ್ರಯೋಗಾಲಯಗಳೊಡನೆ ಸೇರಿ ಔಷಧಾಣುಗಳ ಲವಣಗಳ ರಚನೆಯನ್ನು ಒಂದೊಂದೇ ಪುಟ್ಟ ವರದಿಯಾಗಿ ಪ್ರಕಟಿಸುತ್ತ ಬಂದರು. ಸಿದ್ಧಾಂತಿಗಳು ಮೂಗು ಮುರಿಯುವ ಈ ವರದಿಗಳಿಲ್ಲದಿದ್ದರೆ ಲೆಕ್ಕ ಹಾಕಲು ಅಂಕಿಗಳೆಲ್ಲಿ?

ಲವಣವೋ ಸಹಸ್ಫಟಿಕವೋ ಎಂದು ಮುಂಚೆಯೇ ಊಹಿಸಲು ಪಿರಿಡಿನಿಯಂನ ಪಿಕೆಎಯಿಂದ (ಪ್ರೋಟಾನ್ ಬಿಟ್ಟುಕೊಡುವ ಒಲವಿನ ಅಳತೆ) ಆಮ್ಲದ್ದನ್ನು ಕಳೆದ ವ್ಯತ್ಯಾಸ ನೋಡುವುದು ರೂಢಿ: 3 ದಾಟಿದರೆ ಸಾಮಾನ್ಯವಾಗಿ ಲವಣ, ಸೊನ್ನೆಗಿಂತ ಕೆಳಗಾದರೆ ಸಹಸ್ಫಟಿಕ. ನಡುವಿನದು ಮಂಜು. 4-ಮೀಥೈಲ್‌ಪಿರಿಡೀನ್ ಮತ್ತು ಪೆಂಟಾಕ್ಲೋರೊಫಿನಾಲ್ ಸೇರಿದ ಹರಳನ್ನು ನ್ಯೂಟ್ರಾನಿನಲ್ಲಿ ನೋಡಿದ ಥಾಮಸ್ ಸ್ಟೈನರ್ ತಂಡ 2001ರಲ್ಲಿ ವರದಿ ಮಾಡಿದ್ದು ಇಷ್ಟು: ತಾಪ ಬದಲಾದಂತೆ ಪ್ರೋಟಾನ್ ಸರಿಯುತ್ತದೆ, ಒಂದು ಹಂತದಲ್ಲಿ ಆಮ್ಲಜನಕ ಮತ್ತು ಸಾರಜನಕಗಳ ನಟ್ಟನಡುವೆ ನಿಲ್ಲುತ್ತದೆ.