ಆರನೆಯ ತರಗತಿಯ ಬಾಗಿಲು

ನಮ್ಮ ಸೀಮೆಯಲ್ಲಿ ಶಾಲೆಗೆ ಸಾಲಿ ಎನ್ನುತ್ತೇವೆ. ಸಾಲಿಯ ಚರಿತ್ರೆ ಎಂದೊಡನೆ ಹೈಸ್ಕೂಲು, ಕಾಲೇಜುಗಳ ಮಾತೇ ಮುಂದೆ ಬರುತ್ತದೆ. ನಾನು ಇಂದು ಹೇಳಹೊರಟಿರುವುದು ನಡುವಿನ ಎರಡು ಮೂರು ವರ್ಷಗಳ ಸಂಗತಿ. ದಾಮರಗಿದ್ದ, ನಾರಾಯಣಪೇಟೆ, ಮಕ್ತಲ, ಗದ್ವಾಲ ಕಡೆಯ ಕನ್ನಡ ಮನೆಯ ಮಗು ಯಾವ ಭಾಷೆಯಲ್ಲಿ ಮುಂದಿನ ಬದುಕು ಕಟ್ಟಿಕೊಳ್ಳಬೇಕು ಎಂಬುದು ಮೂರು ನಾಲ್ಕು ತಲೆಮಾರಿನಿಂದಲೂ ಆರನೆಯ ತರಗತಿಯ ಬಾಗಿಲಲ್ಲೇ ತೀರ್ಮಾನವಾಗುತ್ತ ಬಂದಿದೆ.

ನಿಜಾಮರ ಆಳ್ವಿಕೆಯಲ್ಲಿ ಸರಕಾರಿ ಸಾಲಿಗಳಿಗೆ ಮೂರು ಹೆಸರಿದ್ದವು: ತಹತಾನಿಯಾ, ವಸ್ತಾನಿಯಾ, ಫೌಖಾನಿಯಾ. ಕೆಳಗಿನದು, ನಡುವಿನದು, ಮೇಲಿನದು ಎಂದಷ್ಟೇ ಆ ಮಾತುಗಳ ಅರ್ಥ. ಕೆಳಗಿನದರಲ್ಲಿ ಮನೆಮಾತಿನಲ್ಲಿ ಓದಲು ಅವಕಾಶವಿತ್ತು. ವಸ್ತಾನಿಯಾಕ್ಕೆ ಕಾಲಿಟ್ಟರೆ ಉರ್ದು. ಲೆಕ್ಕವೂ ಉರ್ದು, ಭೂಗೋಳವೂ ಉರ್ದು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಉರ್ದು ಮಾಧ್ಯಮದಲ್ಲಿ ಆರಂಭವಾದ ಮೇಲೆ ಕೆಳಗಿನ ಸಾಲಿಗಳು ಬೇರೆ ದಾರಿ ಹಿಡಿಯುವುದೆಲ್ಲಿ ಬಂತು? ಖಾಸಗಿಯಾಗಿ ಕಲಿಸೋಣವೆಂದರೆ 1924ರಿಂದ ಖಾನಗಿ ಸಾಲಿ ತೆರೆಯಲು ಸರಕಾರದ ಅಪ್ಪಣೆ ಬೇಕಾಯಿತು. ಕಲಬುರ್ಗಿಯಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಇಂಥ ಕಾಲದಲ್ಲಿ ದೀಪ ಹಚ್ಚಿಟ್ಟವು. ಕೈಯಲ್ಲಿ ನಾಲ್ಕು ಕಾಸಿದ್ದವರು ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಮಕ್ಕಳನ್ನು ರಾಯಚೂರಿಗೆ ಕಳುಹಿಸಬಹುದಿತ್ತು. ಉಳಿದವರಿಗೆ ಸಮೀಪದ ವಸ್ತಾನಿಯಾವೇ ಗತಿ.

ಆದರೂ ಆ ಕಾಲದಲ್ಲಿ ‘ಮಿಡಲ್ ಪಾಸ್’ ಎಂದರೆ ಸಣ್ಣ ಮಾತಲ್ಲ. ಮಿಡಲ್ ಪಾಸಾದವನು ಸಾಲಿ ಮಾಸ್ತರನಾಗಬಹುದಿತ್ತು, ಕಚೇರಿಯಲ್ಲಿ ಗುಮಾಸ್ತನಾಗಬಹುದಿತ್ತು. ನಮ್ಮ ಹಿರಿಯರಲ್ಲಿ ಕೆಲವರು ಮನೆಯ ಲೆಕ್ಕ ಕನ್ನಡದಲ್ಲಿ ಬರೆದು, ಅರ್ಜಿ ಉರ್ದುವಿನಲ್ಲಿ ಗೀಚಿ, ಸಂತೆಯಲ್ಲಿ ತೆಲುಗು ಆಡುತ್ತಿದ್ದರು. ಮೂರು ಭಾಷೆಯ ಸೂತ್ರ ಎಂದು ದಿಲ್ಲಿಯವರು 1968ರಲ್ಲಿ ಬರೆದರು. ಇಲ್ಲಿ ಅದು ಮೊದಲೇ ಇತ್ತು, ಯಾರೂ ಹೆಸರಿಟ್ಟಿರಲಿಲ್ಲ ಅಷ್ಟೆ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಆ ಸಂಸ್ಥಾನವೇ ಮೂರು ಹೋಳಾಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಹೋಯಿತು, ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಬಂದವು. ಗುಲ್ಬರ್ಗಾದ ಕೊಡಂಗಲ್, ತಾಂಡೂರುಗಳದೂ ಅದೇ ಕಥೆ. ಮೊದಲಿನಿಂದ ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ, ನಾರಾಯಣಪೇಟೆಗಳು ಅಲ್ಲೇ ಉಳಿದವು. ದಾಮರಗಿದ್ದದಿಂದ ಪಡುವಲಕ್ಕೆ ನಡೆದರೆ ಗುರುಮಠಕಲ್ಲು, ಕರ್ನಾಟಕ. ನೆಂಟಸ್ತನ ಆ ಕಡೆ, ಕಚೇರಿ ಈ ಕಡೆ. ವಸ್ತಾನಿಯಾದ ಉರ್ದು ಹೋಗಿ ಆ ಜಾಗಕ್ಕೆ ತೆಲುಗು ಬಂತು.

ನನ್ನ ವಾರಿಗೆಯವರು ಐದನೆಯದು ಮುಗಿಸಿ ಆರಕ್ಕೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಬಳಪ, ಪಾಟಿ ಹೋಗಿ ಶಾಯಿ ಪೆನ್ನು ಕೈಗೆ ಬರುತ್ತಿದ್ದ ವಯಸ್ಸು. ಅಂಗಿಯ ಜೇಬಿಗೆ ಶಾಯಿ ಇಳಿದಿದ್ದರೆ ಅದೇ ಒಂದು ಪದವಿ. ತೆಲುಗು ಲಿಪಿ ನಮಗೆ ಹದಿನೈದು ದಿನದ ಕೆಲಸ: ತಲೆಕಟ್ಟು ಬೇರೆ, ಮೈಕಟ್ಟು ಬಹುಮಟ್ಟಿಗೆ ಒಂದೇ. ಕಷ್ಟವಿದ್ದದ್ದು ಮಾತಿನಲ್ಲಿ. ಭಾಗಾಕಾರವನ್ನು ಭಾಗಹಾರಂ ಎಂದರೆ ತಿಳಿಯುತ್ತಿತ್ತು. ಕಳೆಯುವುದಕ್ಕೆ ತೀಸಿವೇತ ಎಂದಾಗ ಹುಡುಗರು ಮಿಕಿಮಿಕಿ ನೋಡುತ್ತಿದ್ದರು. ಲೆಕ್ಕ ಬಂದರೂ ಪ್ರಶ್ನೆ ತಿಳಿಯದೆ ಹಿಂದೆ ಬಿದ್ದವರು ಎಷ್ಟೋ ಮಂದಿ. ಬೆಳಗಿನ ಪ್ರಾರ್ಥನೆ, ಡ್ರಿಲ್ಲು, ಕಬಡ್ಡಿ, ಆಗಸ್ಟ್ ಹದಿನೈದರ ಪ್ರಭಾತಫೇರಿ, ಆಮೇಲೆ ಹಂಚುವ ಮಿಠಾಯಿ ಇವೆಲ್ಲ ಎಲ್ಲ ಭಾಷೆಯವರಿಗೂ ಒಂದೇ ಆಗಿದ್ದವು. ಏಳನೆಯದಕ್ಕೆ ಸಾಮಾನ್ಯ ಪರೀಕ್ಷೆಯ ಭಯ. ಹಿಂದಿನ ವರ್ಷದ ಹುಡುಗನಿಂದ ಅರ್ಧ ಬೆಲೆಗೆ ಪುಸ್ತಕ ಕೊಂಡು ಓದುವುದು ವಾಡಿಕೆ.

ಮನೆಯವರ ನಿರೀಕ್ಷೆ ಬೇರೆಯೇ ಇರುತ್ತಿತ್ತು. ‘ಮಾಸ್ತರ್ರೇ, ಹುಡುಗ ಐದು ಕಲಿತಾನ, ಸಹಿ ಬರ್ತದ, ಲೆಕ್ಕ ಬರ್ತದ, ಇನ್ನ ಮ್ಯಾಲ ಯಾತಕ್ಕ?’ ಎಂಬುದು ಒಕ್ಕಲು ಮನೆಗಳ ಮಾತು. ಹನ್ನೊಂದು ವರ್ಷದ ಹುಡುಗ ಎತ್ತು ಕಾಯಬಲ್ಲ; ನಾರಾಯಣಪೇಟೆಯ ಮಗ್ಗದ ಮನೆಯಲ್ಲಾದರೆ ಕಂಡಿಕೆ ಸುತ್ತಬಲ್ಲ. ಮಳೆ ಕೈಕೊಟ್ಟ ವರ್ಷ ಇಡೀ ಸಂಸಾರವೇ ಮುಂಬಯಿ, ಪುಣೆಯ ಕಡೆ ಕೂಲಿಗೆ ಹೊರಡುತ್ತಿತ್ತು. ಪಾಲಮೂರು ಕೂಲಿ ಎಂಬ ಹೆಸರೇ ದೇಶದ ತುಂಬ ಹಬ್ಬಿತು. ಅಂಥ ಮನೆಯ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತಿತ್ತು, ಮಗು ಉಳಿಯುತ್ತಿರಲಿಲ್ಲ.

ಹೆಣ್ಣುಮಕ್ಕಳದು ಇನ್ನೂ ಕಠಿಣ. ಗದ್ವಾಲದ ಕಡೆ ಹತ್ತಿಬೀಜದ ಹೊಲಗಳು ಹೆಚ್ಚಿದ ಮೇಲೆ, ಹೂವಿಗೆ ಪರಾಗ ಮುಟ್ಟಿಸುವ ಕೆಲಸಕ್ಕೆ ಹುಡುಗಿಯರನ್ನೇ ಕರೆಯತೊಡಗಿದರು. ಎತ್ತರ ಕಡಿಮೆ, ಬೆರಳು ಸಣ್ಣ, ಕೂಲಿಯೂ ಕಡಿಮೆ. ಆರು, ಏಳನೆಯ ತರಗತಿಯ ವಯಸ್ಸೇ ಅದು. 2004ರಲ್ಲಿ ಬಂದ ಕಸ್ತೂರ್ಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಆರರಿಂದ ಎಂಟರವರೆಗಿನ ಹುಡುಗಿಯರಿಗೆ ಊಟ, ವಸತಿ ಕೊಟ್ಟು ಓದಿಸಿದವು. ನಾನು ಕಂಡ ಸರಕಾರಿ ಯೋಜನೆಗಳಲ್ಲಿ ಇದಕ್ಕೆ ಹೆಚ್ಚು ಅಂಕ ಕೊಡುತ್ತೇನೆ. 2008ರ ಹೊತ್ತಿಗೆ ಮಧ್ಯಾಹ್ನದ ಊಟವೂ ಆರರಿಂದ ಮೇಲಕ್ಕೆ ಏರಿತು. ಹೀಗಿದ್ದೂ 2011ರ ಜನಗಣತಿಯಲ್ಲಿ ಇಂದಿನ ನಾರಾಯಣಪೇಟೆ, ಗದ್ವಾಲ ಜಿಲ್ಲೆಗಳಲ್ಲಿ ಅಕ್ಷರಸ್ಥರು ಸುಮಾರು ಅರ್ಧದಷ್ಟೇ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಇದು ಜನಗಣತಿಯಿಲ್ಲದೆಯೂ ಗೊತ್ತಾಗುತ್ತದೆ. ಹೆಬ್ಬೆಟ್ಟು ಒತ್ತುವವರು ಸಾಲಿಗೆ ಹೋಗದವರು. ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡುವವರು ಐದಕ್ಕೆ ನಿಂತವರು. ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಸರ್ರನೆ ಎಳೆಯುವವರು ಆರರ ಬಾಗಿಲು ದಾಟಿದವರು. ಮನೆಯಲ್ಲಿ ಮೂವರೂ ಆಡುವುದು ಒಂದೇ ಕನ್ನಡ.

ಕಾನೂನು ಏನು ಹೇಳುತ್ತದೆ? 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350-ಎ ವಿಧಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆನ್ನುತ್ತದೆ. ಸಾಲಿಗೆ 40 ಮಕ್ಕಳು ಅಥವಾ ತರಗತಿಗೆ 10 ಮಕ್ಕಳಿದ್ದರೆ ಸಾಕು ಎಂಬುದು 1949ರ ಒಪ್ಪಂದ. ಮಾಧ್ಯಮಿಕಕ್ಕೆ ಬಂದರೆ ಲೆಕ್ಕ 60 ಮತ್ತು 15ಕ್ಕೆ ಏರುತ್ತದೆ. ಮೇಲೆ ಹೋದಂತೆ ಮಕ್ಕಳು ಕಡಿಮೆಯಾಗುವುದು ಎಲ್ಲ ಹಳ್ಳಿಯ ಸ್ವಭಾವ, ಬೇಡಿಕೆಯ ಸಂಖ್ಯೆ ಮಾತ್ರ ಹೆಚ್ಚಾಗುತ್ತದೆ. ಇದು ಯಾವ ಖಾತೆಪುಸ್ತಕದಲ್ಲೂ ತಾಳೆಯಾಗದ ಲೆಕ್ಕ.

2018ರ ಕಾಯ್ದೆಯಿಂದ ತೆಲಂಗಾಣದ ಎಲ್ಲ ಸಾಲಿಗಳಲ್ಲಿ ತೆಲುಗು ಕಡ್ಡಾಯವಾಯಿತು, ಮೊದಲು ಒಂದನೆಯ ಮತ್ತು ಆರನೆಯ ತರಗತಿಗೆ. 2022-23ರಿಂದ ಸರಕಾರಿ ಸಾಲಿಗಳಿಗೆ ಇಂಗ್ಲಿಷ್ ಮಾಧ್ಯಮ ಬಂತು. ಐದಕ್ಕೇ ಗುರುಕುಲದ ಪ್ರವೇಶ ಪರೀಕ್ಷೆ ಬರೆಸುವ ತಂದೆತಾಯಿಗಳು ಈಗ ಮನೆಮನೆಗೆ ಸಿಗುತ್ತಾರೆ. ಅವರನ್ನು ನಾನು ದೂರುವುದಿಲ್ಲ; ಹೊಟ್ಟೆಯ ಪ್ರಶ್ನೆ ದೊಡ್ಡದು. ಗಡಿಯಾಚೆ ರಾಯಚೂರು, ಯಾದಗಿರಿಯವರಿಗೆ 371-ಜೆ ವಿಧಿಯಿಂದ ಸಿಕ್ಕ ಮೀಸಲಾತಿ, ಹಿಂದೆ ರಾಯಚೂರು ಜಿಲ್ಲೆಯದೇ ಆಗಿದ್ದ ಗದ್ವಾಲಕ್ಕೆ ಇಲ್ಲ.

ಕೊನೆಯದಾಗಿ ಪೋಷಕರಿಗೆ ಒಂದು ವಿಷಯ. ಮಗುವನ್ನು ಕನ್ನಡ ಕಲಿಯಲೆಂದು ಗುರುಮಠಕಲ್ಲಿನ ಸೋದರಮಾವನ ಮನೆಗೋ ಯಾದಗಿರಿಗೋ ಕಳುಹಿಸುವವರು ಇದ್ದೀರಿ. 2018ರ ರಾಷ್ಟ್ರಪತಿ ಆದೇಶದಂತೆ ತೆಲಂಗಾಣದ ನೌಕರಿಗೆ ಸ್ಥಳೀಯ ಅಭ್ಯರ್ಥಿ ಎನಿಸಲು ಒಂದರಿಂದ ಏಳರೊಳಗೆ ಕನಿಷ್ಠ ನಾಲ್ಕು ವರ್ಷ ಇಲ್ಲೇ ಓದಿರಬೇಕು. ಜಿಲ್ಲಾ ಮಟ್ಟದ ಹುದ್ದೆಗಳಲ್ಲಿ ನೂರಕ್ಕೆ 95 ಸ್ಥಳೀಯರಿಗೆ. ಐದು ಮುಗಿಸಿ ಹೋದ ಮಗುವಿಗೆ ತೊಂದರೆಯಿಲ್ಲ. ಎರಡು, ಮೂರಕ್ಕೇ ಹೋದ ಮಗು ಮುಂದೆ ಎರಡೂ ಕಡೆಗೆ ಹೊರಗಿನವನಾಗುವ ಸಂಭವವುಂಟು. ಟಿ.ಸಿ. ಪಡೆಯುವ ದಿನವೇ ಓದಿದ ಎಲ್ಲ ತರಗತಿಗಳ ಬೋನಫೈಡ್ ಸರ್ಟಿಫಿಕೇಟನ್ನೂ ಹೆಡ್‌ಮಾಸ್ತರರಿಂದ ಬರೆಸಿ, ರೇಷನ್ ಕಾರ್ಡಿನ ಜೊತೆಗೆ ಭದ್ರವಾಗಿ ಇಟ್ಟುಕೊಳ್ಳಿರಿ.