ಕಲ್ಕುಡನಿಂದ ಬೀಡಿ ಬ್ರಾಂಚಿನವರೆಗೆ: ದುಡಿಮೆಯ ಜಾಗದ ಹಿಂಸೆ ಮತ್ತು ದೂರಿನ ದಾರಿ

ತುಳುನಾಡಿನಲ್ಲಿ ಕೆಲಸ ಮಾಡಿಸಿದವನೇ ಕೆಲಸಗಾರನ ಮೇಲೆ ಕೈಮಾಡಿದ ಕಥೆಗಳಲ್ಲಿ ಹೆಚ್ಚು ಹೆಸರಾದದ್ದು ಕಲ್ಕುಡ–ಕಲ್ಲುರ್ಟಿಯರ ಪಾಡ್ದನ, ಎಂದರೆ ತುಳುವಿನ ಹಾಡುಗತೆ. ಬೀರ ಕಲ್ಕುಡನೆಂಬ ಶಿಲ್ಪಿ ಕಾರ್ಕಳದಲ್ಲಿ ಗೊಮ್ಮಟನನ್ನು ಕೆತ್ತಿ ನಿಲ್ಲಿಸುತ್ತಾನೆ. ಅಂಥ ಮೂರ್ತಿ ಬೇರೆ ಊರಿನಲ್ಲಿ ಏಳಬಾರದೆಂದು ಕಾರ್ಕಳದ ಅರಸ ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸುತ್ತಾನೆ. ಉಳಿದ ಒಂದೇ ಕೈಯಲ್ಲಿ ಉಳಿ ಹಿಡಿದು ಕಲ್ಕುಡ ಈಗಿನ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನಲ್ಲಿ ಇನ್ನೊಬ್ಬ ಗೊಮ್ಮಟನನ್ನು ಕೆತ್ತುತ್ತಾನೆ. ಅಣ್ಣನ ಪಾಡು ಕಂಡ ತಂಗಿ ಕಲ್ಲುರ್ಟಿ ಸುಮ್ಮನಿರುವುದಿಲ್ಲ. ಇಬ್ಬರೂ ಮಾಯ ಸೇರಿ ದೈವಗಳಾಗಿ ಅರಸನ ಮೇಲೆ ಸೇಡು ತೀರಿಸುತ್ತಾರೆ.

ಇತಿಹಾಸದ ಲೆಕ್ಕ ಪಾಡ್ದನದ ಲೆಕ್ಕಕ್ಕೆ ಹೊಂದುವುದಿಲ್ಲ. ಕಾರ್ಕಳದ ಮೂರ್ತಿಯ ಪ್ರತಿಷ್ಠೆ ನಡೆದದ್ದು 1432ರಲ್ಲಿ. ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ಮೂರ್ತಿಯನ್ನು ನಿಲ್ಲಿಸಿದ್ದು 1604ರಲ್ಲಿ. ನಡುವಿನ 172 ವರ್ಷಗಳನ್ನು ಒಬ್ಬ ಶಿಲ್ಪಿಯ ಆಯುಸ್ಸು ದಾಟಲಾರದು. ಹಾಗಾಗಿ ಈ ಕಥೆಯನ್ನು ಒಬ್ಬ ವ್ಯಕ್ತಿಯ ಚರಿತ್ರೆಯೆಂದು ಓದುವಂತಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥ ದೊಡ್ಡ ಕೆಲಸಗಳನ್ನು ಕಂಡ ನಾಡು ಒಡೆಯ ಮತ್ತು ಆಳಿನ ಸಂಬಂಧವನ್ನು ಹೇಗೆ ನೆನಪಿಟ್ಟುಕೊಂಡಿತು ಎಂಬುದಕ್ಕೆ ಸಾಕ್ಷಿಯೆಂದು ಓದಬಹುದು. ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ ಭೂತಾರಾಧನೆಯ ಸಾಮಗ್ರಿ 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದಾಗ ಈ ಕಥೆಯೂ ಅದರಲ್ಲಿತ್ತು.

ಪಾಡ್ದನದಲ್ಲಿ ಕಲ್ಕುಡನ ದೂರನ್ನು ಕೇಳುವವರು ಯಾರೂ ಇಲ್ಲ. ಕೈ ಕಡಿಸಿದವನೇ ನ್ಯಾಯ ಹೇಳಬೇಕಾದ ಅರಸ. ಆದ್ದರಿಂದ ನ್ಯಾಯ ಸಿಗುವುದು ದೈವವಾದ ಮೇಲೆ. ಬಂಟ್ವಾಳ ತಾಲ್ಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಗೆ ಅಗೇಲು (ಎಡೆ), ಕೋಲ (ದೈವದ ನರ್ತನಸೇವೆ) ಹೇಳಿಕೊಂಡು ಜನ ಇಂದಿಗೂ ಬರುತ್ತಾರೆ. ಅನ್ಯಾಯವಾಯಿತೆಂದು ಅನಿಸಿದವರು ದೈವದ ಮುಂದೆ ಹೇಳಿಕೊಳ್ಳುವುದು ಈ ನಾಡಿನ ಹಳೆಯ ವಾಡಿಕೆ. ದುಡಿಮೆಯ ಜಾಗದ ಹಿಂಸೆಯ ಚರಿತ್ರೆ ಇಲ್ಲಿ ಬಹುಮಟ್ಟಿಗೆ ದೂರು ಹೇಳುವ ಜಾಗದ ಚರಿತ್ರೆಯೇ ಆಗಿದೆ.

ಗದ್ದೆಯಲ್ಲಿ ಆ ಜಾಗ ಬಹಳ ಕಾಲ ಇರಲಿಲ್ಲ. 1801ರಲ್ಲಿ ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ದಾರಿಯಾಗಿ ಸಾಗಿದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್, ಇಲ್ಲಿನ ಬೇಸಾಯದಲ್ಲಿ ಗುಲಾಮರ ದುಡಿಮೆ ಬಳಕೆಯಲ್ಲಿದ್ದುದನ್ನು ಬರೆದಿಟ್ಟಿದ್ದಾನೆ. ಭೂಮಿಗೆ ಅಂಟಿಕೊಂಡ ಮೂಲದಾಳಿನ ಮೇಲೆ ಒಡೆಯನದೇ ಅಧಿಕಾರ. 1843ರ 5ನೇ ಕಾಯಿದೆ ಗುಲಾಮನ ಮೇಲಿನ ಹಕ್ಕನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂದಿತು. 1860ರ ದಂಡಸಂಹಿತೆ ಗುಲಾಮರ ಕೊಡುಕೊಳ್ಳುವಿಕೆಯನ್ನು ಅಪರಾಧವಾಗಿಸಿತು. ಕಾಗದದ ಮೇಲೆ ಬಿಡುಗಡೆಯಾದರೂ ಸಾಲ ಮತ್ತು ನೆಲೆಯಿಲ್ಲದ ಸ್ಥಿತಿ ಆಳನ್ನು ಅದೇ ಮನೆಯ ಅಂಗಳದಲ್ಲಿ ಉಳಿಸಿದವು. ಗೇಣಿದಾರನಿಗೆ ಒಕ್ಕಲೆಬ್ಬಿಸುವ ಬೆದರಿಕೆಯೇ ಬೆತ್ತ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಆ ಬೆತ್ತವನ್ನು ಕಸಿಯಿತು. ಭೂಮಿಯ ಹಕ್ಕು ಕೋರಿ ‘ಡಿಕ್ಲರೇಶನ್’ ಅರ್ಜಿ ಹಾಕಿದ ಗೇಣಿದಾರ ಧನಿಯ ಚಾವಡಿಯನ್ನು ಬಿಟ್ಟು ಭೂನ್ಯಾಯಮಂಡಳಿಯ ಮುಂದೆ ನಿಂತ. 1976ರ ಕಾಯಿದೆ ಜೀತವನ್ನೂ ಅದಕ್ಕೆ ಕಾರಣವಾದ ಸಾಲವನ್ನೂ ರದ್ದುಮಾಡಿತು.

ಇದೇ ಕಾಲದಲ್ಲಿ ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳ ಸುತ್ತಲ ಹಳ್ಳಿಗಳಲ್ಲಿ ಇನ್ನೊಂದು ದುಡಿಮೆ ಬೇರೂರಿತು. ಮಂಗಳೂರಿನ ಬೀಡಿ ಕಂಪನಿಗಳು ಗುತ್ತಿಗೆದಾರರ ಮೂಲಕ ಎಲೆ, ಹೊಗೆಸೊಪ್ಪು, ನೂಲು ಹಂಚಿದವು. ಹೆಂಗಸರು ಮನೆಯ ಜಗಲಿಯಲ್ಲಿ ತಡ್ಪೆಯನ್ನು (ಮೊರವನ್ನು) ಮಡಿಲಿಗಿಟ್ಟುಕೊಂಡು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ ಬೀಡಿ ಕಟ್ಟಿದರು. ಕಟ್ಟಿದ್ದನ್ನು ಚೀಲದಲ್ಲಿ ತುಂಬಿ ಬ್ರಾಂಚಿಗೆ, ಎಂದರೆ ಬೀಡಿ ಒಪ್ಪಿಸುವ ಕೇಂದ್ರಕ್ಕೆ, ಒಯ್ಯಬೇಕು. ಅಲ್ಲಿ ಮೇಜಿನ ಆಚೆ ಕುಳಿತವನು ಕಟ್ಟು ಎತ್ತಿ ಹಿಡಿದು ನೋಡುತ್ತಾನೆ: ತುದಿ ಸರಿಯಾಗಿ ಮಡಿಚಿದೆಯೇ, ಹೊಗೆಸೊಪ್ಪು ಸಮನಾಗಿ ತುಂಬಿದೆಯೇ, ಎಲೆ ಹರಿದಿದೆಯೇ. ಒಪ್ಪಿದ್ದು ಒಂದು ಕಡೆ, ತಿರಸ್ಕರಿಸಿದ್ದು ಇನ್ನೊಂದು ಕಡೆ. ಮಜೂರಿ ಸಾವಿರದ ಲೆಕ್ಕ. ತಿರಸ್ಕಾರವಾದಷ್ಟೂ ಕೈಗೆ ಬರುವುದು ಕಡಿಮೆ. ಕೊಟ್ಟ ಎಲೆಯೇ ತೂಕದಲ್ಲಿ ಕಮ್ಮಿಯಿದ್ದರೆ, ಕೆಟ್ಟದ್ದಾಗಿದ್ದರೆ, ಆ ನಷ್ಟವೂ ಕಟ್ಟಿದವಳದೇ. ಬೈಗುಳ, ಜಗಳ ಹುಟ್ಟುವ ಜಾಗ ಈ ಮೇಜೇ.

ಬೀಡಿಯನ್ನು ತಳ್ಳಿಹಾಕುವ ಈ ಅಧಿಕಾರವನ್ನು ಹಿಡಿದೇ ಸುಪ್ರೀಂ ಕೋರ್ಟ್ ಬೀಡಿ ಕಾರ್ಮಿಕರ ಸ್ಥಾನವನ್ನು ನಿರ್ಧರಿಸಿತು. ಮನೆಯಲ್ಲಿ ಕೂತು ಕಟ್ಟುವವರು ಯಾರ ಮೇಲ್ವಿಚಾರಣೆಯಲ್ಲೂ ಇಲ್ಲ, ಹಾಗಾಗಿ ಅವರು ನೌಕರರಲ್ಲ ಎಂಬುದು ಮಾಲೀಕರ ವಾದ. ಭವಿಷ್ಯ ನಿಧಿ ಕುರಿತ ಪಿ.ಎಂ. ಪಟೇಲ್ ಮೊಕದ್ದಮೆಯಲ್ಲಿ 1985ರಲ್ಲಿ ಕೋರ್ಟ್ ಇದನ್ನು ಒಪ್ಪಲಿಲ್ಲ: ಬೀಡಿಯನ್ನು ತಿರಸ್ಕರಿಸುವ ಹಕ್ಕೇ ಮೇಲ್ವಿಚಾರಣೆ. ಮೇಲ್ವಿಚಾರಣೆ ಇದ್ದಲ್ಲಿ ಹೊಣೆಯೂ ಇದೆ.

ಅದಕ್ಕೆ ಮುಂಚೆಯೇ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮೇಜಿನ ಜಗಳಕ್ಕೆ ದಾರಿ ಹಾಕಿತ್ತು. ಕಚ್ಚಾ ಸಾಮಗ್ರಿ ಹಂಚಿಕೆ, ಬೀಡಿಯ ತಿರಸ್ಕಾರ, ತಿರಸ್ಕೃತ ಬೀಡಿಗೆ ಮಜೂರಿ ಎಂಬ ಮೂರು ಬಗೆಯ ವ್ಯಾಜ್ಯಗಳನ್ನು ಸರ್ಕಾರ ಗೊತ್ತುಮಾಡಿದ ಅಧಿಕಾರಿ ಬೇಗನೆ ತೀರ್ಮಾನಿಸಬೇಕೆಂದು ಅದರ 39ನೇ ಸೆಕ್ಷನ್ ಹೇಳಿತು. ಆರು ತಿಂಗಳು ದುಡಿದವರನ್ನು ತಕ್ಕ ಕಾರಣವಿಲ್ಲದೆ ತೆಗೆಯುವಂತಿರಲಿಲ್ಲ. ಕಾಯಿದೆಯನ್ನು ಮಾಲೀಕರು ಪ್ರಶ್ನಿಸಿದ್ದರು. ಮಂಗಳೂರು ಗಣೇಶ ಬೀಡಿ ವರ್ಕ್ಸ್‌ನ ಹೆಸರಿನಲ್ಲಿರುವ 1974ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಗಳ ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗದಂತೆ ತಡೆಯಲು ಉಳಿದ ಉಪಾಯಗಳು ಸರಳ: ತೂಕ ಎಲ್ಲರಿಗೂ ಕಾಣುವಂತಿರಬೇಕು, ಲೆಕ್ಕ ಕಾರ್ಮಿಕಳ ಕೈಪುಸ್ತಕದಲ್ಲಿ ಬರೆದಿರಬೇಕು, ತಳ್ಳಿಹಾಕಿದ್ದಕ್ಕೆ ಕಾರಣ ಹೇಳಬೇಕು.

ಆದರೆ ಮೇಜಿನ ಆಚೆ ಹೆಚ್ಚಾಗಿ ಗಂಡಸು, ಈಚೆ ಹೆಂಗಸು. ಲೆಕ್ಕದ ಪುಸ್ತಕದಲ್ಲಿ ದಾಖಲಾಗದ ಹಿಂಸೆಯನ್ನು, ಲೈಂಗಿಕ ಕಿರುಕುಳವನ್ನು, 1966ರ ಕಾಯಿದೆ ಹೆಸರಿಸಲಿಲ್ಲ. ರಾಜಸ್ಥಾನದ ಕಾರ್ಯಕರ್ತೆಯೊಬ್ಬರ ಮೇಲೆ 1992ರಲ್ಲಿ ನಡೆದ ಅತ್ಯಾಚಾರದ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ವಿಶಾಖಾ ಮಾರ್ಗಸೂಚಿ ಕೊಟ್ಟಿತು; 2013ರಲ್ಲಿ ಅದು ಕಾಯಿದೆಯಾಯಿತು. ಹತ್ತು ಮತ್ತು ಹೆಚ್ಚು ಜನ ದುಡಿಯುವ ಕಡೆ, ಗೇರುಬೀಜ ಕಾರ್ಖಾನೆಯಾಗಲಿ ಕಾಲೇಜಾಗಲಿ, ಮಹಿಳೆಯೇ ಅಧ್ಯಕ್ಷೆಯಾಗಿರುವ ಆಂತರಿಕ ಸಮಿತಿ ಕಡ್ಡಾಯ. ದೂರಿಗೆ ಮೂರು ತಿಂಗಳು, ವಿಚಾರಣೆಗೆ 90 ದಿನ ಅವಧಿ. ವಿಚಾರಣೆ ನಡೆಯುವಾಗ ದೂರುದಾರಳು ಬಯಸಿದರೆ ಅವಳನ್ನೋ ಎದುರಾಳಿಯನ್ನೋ ಬೇರೆಡೆಗೆ ಹಾಕಬಹುದು, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು. ಹೆಸರು ಹೊರಗೆ ಬರುವಂತಿಲ್ಲ. ಅವಳು ಪೊಲೀಸ್ ದೂರು ಕೊಡಬಯಸಿದರೆ ನೆರವಾಗುವುದು ಮಾಲೀಕನ ಕರ್ತವ್ಯ. ಮೇಲ್ವಿಚಾರಕನು ದೂರನ್ನು ತಾನೇ ರಾಜಿ ಮಾಡಿ ಮುಗಿಸುವ ಹಳೆಯ ಪದ್ಧತಿಗೆ ಇಲ್ಲಿ ಎಡೆಯಿಲ್ಲ.

2013ರ ಕಾಯಿದೆಯ ಪ್ರಕಾರ ವಾಸದ ಮನೆಯೂ ಕೆಲಸದ ಸ್ಥಳವಾಗಬಹುದು. ಸಮಿತಿ ರಚಿಸುವಷ್ಟು ಜನರಿಲ್ಲದ ಕಡೆ, ಅಥವಾ ಮಾಲೀಕನ ಮೇಲೆಯೇ ದೂರಿದ್ದಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅದಕ್ಕಾಗಿ ಗ್ರಾಮೀಣ ಪ್ರದೇಶದ ಪ್ರತಿ ತಾಲ್ಲೂಕಿಗೂ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಬಂದ ದೂರನ್ನು ಏಳು ದಿನಗಳೊಳಗೆ ಸಮಿತಿಗೆ ತಲುಪಿಸಬೇಕು. ಬಂಟ್ವಾಳ, ಬೆಳ್ತಂಗಡಿಗಳ ಜೊತೆಗೆ ಮೂಡುಬಿದಿರೆಯೂ ಈಗ ತಾಲ್ಲೂಕು. ಕೆಲಸ ಕೊಟ್ಟವನೇ ಹಿಂಸಿಸಿದಾಗ ಅವನನ್ನು ಬಿಟ್ಟು ಬೇರೊಬ್ಬರ ಮುಂದೆ ಹೇಳಿಕೊಳ್ಳುವ ದಾರಿ ಕಲ್ಕುಡನಿಗೆ ಇರಲಿಲ್ಲ. ಕಾಯಿದೆ ಅದನ್ನು ತಾಲ್ಲೂಕು ಕೇಂದ್ರದವರೆಗೆ ತಂದಿದೆ.